ಕಂಪನಿಯ ಹಂದಿ

ಆ ಮನೆಯಲ್ಲಿ ದೊರೆಯ ಊಟ ಮುಗಿಯದೆ ಬೇರೆ ಯಾರೂ ಬಟ್ಟಲಿಗೆ ಕೈ ಹಾಕುವಂತಿರಲಿಲ್ಲ. ದೊರೆ ಎಂದರೆ ಹಂದಿ. ಹೆಸರಿಟ್ಟವಳು ಮುದುಕಿ ಮದಲೇನಾ. "ನಾವು ಉಪವಾಸ ಬಿದ್ದರೂ ಇವನ ಹೊಟ್ಟೆ ತುಂಬಬೇಕು. ಮಳೆ ಬಂದರೆ ಮೊದಲು ಇವನ ಗೂಡಿಗೆ ಹುಲ್ಲು ಹೊದಿಸಬೇಕು. ಇವನು ಕೆಮ್ಮಿದರೆ ಮನೆಮಂದಿಯೆಲ್ಲ ಎದ್ದು ನಿಲ್ಲಬೇಕು. ದೊರೆ ಅಲ್ಲದೆ ಇನ್ಯಾರು ಇವನು?" ಎಂದು, ಮರಿಯನ್ನು ಮನೆಗೆ ತಂದ ದಿನವೇ ಅವಳು ಅಂದಿದ್ದಳು. ಆ ಹೆಸರೇ ನಿಂತುಹೋಯಿತು.

ಸೊಸೆ ಫೆಲಿಪಾ ಜೋಳದ ಗಂಜಿಯ ಮಡಕೆಯನ್ನು ಒಲೆಯಿಂದಿಳಿಸಿ ಮೊದಲ ಸೌಟನ್ನು ಹಂದಿಯ ಬಾನಿಗೆ ಸುರಿಯುವಾಗಲೆಲ್ಲ ಅತ್ತೆಯ ಬಾಯಿ ತೆರೆಯುತ್ತಿತ್ತು.

"ಇನ್ನೊಂದು ಸೌಟು ಹಾಕೇ. ಪಕ್ಕೆಲುಬು ಎಣಿಸಬಹುದು, ಹಂಗಿದ್ದಾನೆ."

"ಜೋಳನೂ ಅವರಿಗೇ ಅಳೆದು ಕೊಡಬೇಕಲ್ಲ ಅತ್ತೆ. ಇವನಿಗೇ ಹಾಕಿಬಿಟ್ಟರೆ ಅಲ್ಲಿ ಏನು ಅಳೆಯೋದು, ನನ್ನ ತಲೇನಾ?"

"ಜೋಳ ತಿನ್ನದೆ ಹಂದಿ ಹೆಂಗೆ ಕೊಬ್ಬುತ್ತೆ? ಗಾಳಿ ಕುಡಿದಾ?"

"ಅದನ್ನ ಕಂಪನಿಯವರನ್ನ ಕೇಳಿ."

ಕಂಪನಿಯವರನ್ನು ಕೇಳುವ ಎದೆ ಯಾರಿಗಿತ್ತು? ಫೆಲಿಪಾಳ ಗಂಡ ಗಾಸ್ಪರ್ ಅಂಗೋಲಾದಿಂದ ಹಡಗಿನಲ್ಲಿ ಬಂದಿಳಿದವನು ತನ್ನ ಹರೆಯವನ್ನೆಲ್ಲ ಡಚ್ಚರ ಕಂಪನಿಯ ಗುಲಾಮನಾಗಿ ಸವೆಸಿದ್ದ. ಮ್ಯಾನ್‌ಹ್ಯಾಟನ್ ದ್ವೀಪದ ಕಾಡು ಕಡಿದು, ದಾರಿ ಮಾಡಿ, ತುದಿಯಲ್ಲಿ ಕೋಟೆ ಎಬ್ಬಿಸಿದ ಮೇಲೆ ಕಂಪನಿ ಅವನಿಗೆ ಬಿಡುಗಡೆ ಕೊಟ್ಟಿತು. ಹೆಂಡತಿಗೂ ಕೊಟ್ಟಿತು. ಇಟ್ಟುಕೊಂಡರೆ ಗಂಜಿ ದಂಡವೆಂದು ಮುದುಕಿಯನ್ನೂ ಅದಕ್ಕೇ ಸೇರಿಸಿತು. ಕೋಟೆಯ ಉತ್ತರಕ್ಕೆ, ಗಾಡಿದಾರಿಯ ಪಕ್ಕದಲ್ಲಿ, ಅರ್ಧ ಜೌಗು ಅರ್ಧ ಕಲ್ಲಿನ ಒಂದು ತುಂಡು ನೆಲವೂ ಸಿಕ್ಕಿತು. ಆದರೆ ವರ್ಷ ವರ್ಷವೂ ಚಳಿಗಾಲದ ಮೊದಲಿಗೆ ಬರುವ ಸಂತ ಮಾರ್ಟಿನನ ಹಬ್ಬಕ್ಕೆ ಕೊಬ್ಬಿದ ಒಂದು ಹಂದಿ ಮತ್ತು ಅಳತೆಯ ಜೋಳ ಕೋಟೆಗೆ ಹೋಗಬೇಕು. ಒಂದು ವರ್ಷ ತಪ್ಪಿದರೂ ಮೂವರೂ ಮತ್ತೆ ಗುಲಾಮರು. ಕರೆದಾಗ ಕಂಪನಿಯ ಕೆಲಸಕ್ಕೆ ಹೋಗಬೇಕು. ಇನ್ನೊಂದು ಮಾತು: ಹುಟ್ಟಿದ ಮಕ್ಕಳೂ ಇನ್ನು ಹುಟ್ಟಲಿರುವ ಮಕ್ಕಳೂ ಕಂಪನಿಯವೇ.

ಇದಕ್ಕೆ ಜನ ಅರ್ಧ ಬಿಡುಗಡೆ ಎನ್ನುತ್ತಿದ್ದರು.

"ಯಾವ ಅರ್ಧ ಅಂತ ಕೇಳಿದ್ಯೇನೋ?" ಎಂದು ಮದಲೇನಾ ಮಗನನ್ನು ಕಾಡುತ್ತಿದ್ದಳು. "ಮೇಲಿಂದಾ, ಕೆಳಗಿಂದಾ? ನನ್ನ ಮಂಡಿ ಬಿಟ್ಟಿದ್ದಾರೋ ಇಲ್ವೋ ತಿಳಕೋಬೇಕಿತ್ತು. ಅದು ಮಾತ್ರ ನನ್ನ ಮಾತೇ ಕೇಳಲ್ಲ."

ಹಾಗೆ ಕಂಪನಿಯ ಪಾಲಾದವಳು ಅವರ ಮಗಳು ಲುಸಿಯಾ. ಕೋಟೆಯ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಿಂಗಳಿಗೊಂದು ಭಾನುವಾರ ಮನೆಗೆ ಬಿಡುತ್ತಿದ್ದರು, ಅದೂ ಸಂಜೆ ಗಂಟೆ ಹೊಡೆಯುವುದರೊಳಗೆ ಮರಳಬೇಕು. ಆ ಭಾನುವಾರಕ್ಕಾಗಿ ಫೆಲಿಪಾ ಒಂದು ಕುಂಬಳಕಾಯಿಯನ್ನು ಮಂಚದ ಕೆಳಗೆ ಹಂದಿಯ ಕಣ್ಣು ತಪ್ಪಿಸಿ, ಅತ್ತೆಯ ಕಣ್ಣು ತಪ್ಪಿಸಿ ಬಚ್ಚಿಟ್ಟಿರುತ್ತಿದ್ದಳು.

ಎಲೆ ಕೆಂಪಾಗುವ ಹೊತ್ತಿಗೆ ಗಾಸ್ಪರನಿಗೆ ಕಂಪನಿಯಿಂದ ಕರೆ ಬಂತು. ಕೋಟೆಯ ಗೋಡೆ ಮಣ್ಣಿನದು, ಮೇಲೆ ಹುಲ್ಲುಹೆಂಟೆ ಹೊದಿಸಿದ್ದು. ಊರ ಹಂದಿಗಳು ಬೇರು ಹುಳು ಹುಡುಕಿ ಅದರ ಬುಡವನ್ನು ಅಗೆದು ಹಾಕುತ್ತಿದ್ದವು. ಅದನ್ನು ಮುಚ್ಚುವುದೇ ಅವನ ಕೆಲಸ. ಸಂಜೆ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದು ಬಾಗಿಲಲ್ಲೇ ಶುರುಮಾಡುತ್ತಿದ್ದ.

"ನಿನ್ನೆ ಮುಚ್ಚಿದ ಜಾಗಾನೇ ಇವತ್ತು ಮತ್ತೆ ಅಗೆದಿದೆ ಕಣೇ! ಯಾವನೋ ಬೇವಾರ್ಸಿ ಸಾಕಿರೋ ಹಂದಿ. ಸೋಮಾರಿಗಳು! ನೆಲ ಅಗೆಯದ ಹಾಗೆ ಮೂಗಿಗೊಂದು ಉಂಗುರ ಹಾಕೋ ಯೋಗ್ಯತೆ ಇಲ್ಲ ಅಂದಮೇಲೆ ಯಾಕೆ ಸಾಕಬೇಕು?"

"ಹಂಗೇ ಅನ್ನು ಮಗಾ," ಎಂದು ಮದಲೇನಾ ಗಂಜಿ ಹೀರಿದಳು.

"ಒಂದೇ ಹಂದಿ. ಗೊರಸಿನ ಗುರುತು ನೋಡಿದೀನಿ. ಕೈಗೆ ಸಿಗಲಿ, ಅದರ ಯಜಮಾನನ ಮೂಗಿಗೇ ಉಂಗುರ ಹಾಕ್ತೀನಿ."

ಮುದುಕಿ ಗಂಜಿಯನ್ನು ಇನ್ನಷ್ಟು ಜೋರಾಗಿ ಹೀರಿದಳು. ಫೆಲಿಪಾ ಅತ್ತೆಯ ಮುಖ ನೋಡಿದಳು. ಅತ್ತೆ ಒಲೆ ನೋಡಿದಳು.

ಮರುದಿನ ಬೆಳಿಗ್ಗೆ ಗಂಡ ಹೊರಟ ಮೇಲೆ ಫೆಲಿಪಾ ಗೂಡಿನ ಹತ್ತಿರ ಹೋಗಿ ದೊರೆಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದಳು. ಕಬ್ಬಿಣದ ಉಂಗುರ ಇರಬೇಕಾದಲ್ಲಿ ಒಂದು ತೂತು ಮಾತ್ರ ಇತ್ತು. ಮೂತಿಯ ತುಂಬ ಕೋಟೆಯ ಕೆಂಪು ಮಣ್ಣು.

"ಅತ್ತೆ!"

"ಮೂಗು ಬಾತುಹೋಗಿತ್ತು ಕಣೇ," ಎಂದಳು ಮದಲೇನಾ, ಕರೆಯುವುದನ್ನೇ ಕಾಯುತ್ತಿದ್ದವಳಂತೆ. "ಕೀವು ಬಂದು ಮುಖ ಹಿಂಗಾಗಿತ್ತು. ಎಣ್ಣೆ ಹಚ್ಚಿ ತೆಗೆದೆ. ನಂಗೂ ಹಡಗಲ್ಲಿ ಕಾಲಿಗೆ ಕಬ್ಬಿಣ ಹಾಕಿದ್ರು. ಬಾತುಕೊಂಡಾಗ ಯಾವಳಾದ್ರೂ ಎಣ್ಣೆ ಹಚ್ಚಿದ್ಲಾ?"

ಫೆಲಿಪಾ ಕೋಪವನ್ನು ಹಂದಿಯ ಕಡೆ ತಿರುಗಿಸಿದಳು. "ಇಷ್ಟು ದೂರ ನಡೆದು ನಡೆದು ಸಾಯ್ತಾನೆ. ಅದಕ್ಕೇ ಮೈ ಹಿಡಿದಿಲ್ಲ. ಇಲ್ಲೇ ಕಾಡಲ್ಲಿ ಬೇಕಾದಷ್ಟು ಓಕ್ ಕಾಯಿ ಬಿದ್ದಿದೆ, ಕೋಟೆಗೇ ಯಾಕೆ ಹೋಗಬೇಕು ಇವನು?"

"ಅವನನ್ನೇ ಕೇಳು. ಗಾಸ್ಪರನಿಗೆ ಮಾತ್ರ ಹೇಳಬೇಡ ತಾಯಿ."

ಹೇಳಲಿಲ್ಲ. ದಿನವೆಲ್ಲ ಗೋಡೆ ಕಟ್ಟಿ ಬಂದವನಿಗೆ, ಅದನ್ನು ಕೆಡವುವವನು ನಮ್ಮ ಗಂಜಿ ತಿಂದೇ ಹೊರಡುತ್ತಾನೆ ಎಂದು ಹೇಳುವುದಾದರೂ ಹೇಗೆ? ಉಂಗುರ ಮತ್ತೆ ಹಾಕಬೇಕೆಂದರೆ ಹಿಡಿದುಕೊಳ್ಳಲು ಗಂಡಸೇ ಬೇಕು. ಫೆಲಿಪಾ ಗೂಡಿನ ಬೇಲಿಗೆ ಇನ್ನೆರಡು ಗೂಟ ಬಡಿದು ಸುಮ್ಮನಾದಳು. ದೊರೆ ಮಾರನೆಯ ದಿನ ಆ ಗೂಟದ ಅಡಿಯಿಂದಲೇ ಹೊರಗೆ ಹೋದ.

ಭಾನುವಾರ ಲುಸಿಯಾ ಬಂದಳು. ಮಂಚದ ಕೆಳಗಿನ ಕುಂಬಳ ಹೊರಬಂತು, ಹೊಳೆಯ ಹಾವುಮೀನಿನ ಸಾರಾಯಿತು. ನಾಲ್ವರೂ ಒಲೆಯ ಮುಂದೆ ಕೂತಿದ್ದರು. ಹುಡುಗಿ ಬಿಸಿ ಸಾರು ಊದುತ್ತ ಸಲೀಸಾಗಿ ಅಂದಳು:

"ದೊರೆ ಎಷ್ಟು ಜಾಣ ಅಜ್ಜಿ! ದಿನಾ ಬರ್ತಾನೆ. ನಸುಕಲ್ಲಿ ನಾನು ಕಲಗಚ್ಚು ಚೆಲ್ಲೋ ಹೊತ್ತಿಗೆ ಸರಿಯಾಗಿ ಅಡಿಗೆಮನೆ ಹಿಂದಿನ ಗೋಡೆ ಹತ್ರ ನಿಂತಿರ್ತಾನೆ. ನನ್ನ ದನಿ ಕೇಳಿದರೆ ಸಾಕು, ಗೋಡೆ ಅಗೆದುಕೊಂಡು ಒಳಗೇ ಬರ್ತೀನಿ ಅಂತಾನೆ."

ಗಾಸ್ಪರನ ಚಮಚ ಬಾಯಿಯ ಹತ್ತಿರ ನಿಂತಿತು.

"ಯಾವ ಗೋಡೆ?"

ಮದಲೇನಾಳ ಗಂಟಲಿಗೆ ಇದ್ದಕ್ಕಿದ್ದಂತೆ ಮೀನಿನ ಮುಳ್ಳು ಸಿಕ್ಕಿಕೊಂಡಿತು.

"ಅವ್ವಾ, ಕೆಮ್ಮಬೇಡ. ಯಾವ ಗೋಡೆ ಅಂದೆ."

"ಒಂದೇ ಗೋಡೆ ಇರೋದಲ್ವೇನೋ ಅಲ್ಲಿ," ಎಂದಳು ಮುದುಕಿ ಸಣ್ಣ ದನಿಯಲ್ಲಿ.

ಗಾಸ್ಪರ್ ಚಮಚವನ್ನು ಬಟ್ಟಲಿನಲ್ಲಿಟ್ಟ. ಹೆಂಡತಿಯನ್ನು, ತಾಯಿಯನ್ನು, ಬಾಗಿಲಾಚೆ ನೆರಳಿನಲ್ಲಿ ಮಲಗಿದ್ದ ದೊರೆಯನ್ನು ಸರದಿಯಂತೆ ನೋಡಿದ. "ಹಗಲೆಲ್ಲ ನಾನು ಮುಚ್ಚಿದ್ದು," ಎಂದ. "ಇವನು ಅಗೆದಿದ್ದು. ಸಂಜೆ ಒಂದೇ ಮಡಕೆ ಗಂಜಿ. ಅದೂ ಅವನಿಗೆ ಮೊದಲು!"

ಲುಸಿಯಾಳಿಗೆ ನಗು ತಡೆಯಲಾಗಲಿಲ್ಲ. ಫೆಲಿಪಾ ಮಾತ್ರ ಬೇರೊಂದನ್ನು ಯೋಚಿಸುತ್ತಿದ್ದಳು. ತಾನು ಹೆತ್ತವಳ ಮುಖ ತನಗೆ ತಿಂಗಳಿಗೊಮ್ಮೆ. ಈ ಹಂದಿಗೆ ದಿನಾ. ದೊರೆಯ ಬಾನಿಗೆ ಆ ಸಂಜೆ ಅರ್ಧ ಸೌಟೇ ಬಿತ್ತು.

ಬೆಳಗಾದರೆ ಉಂಗುರ ಹಾಕುವುದೆಂದು ಗಾಸ್ಪರ್ ಕಬ್ಬಿಣದ ತಂತಿ ಹುಡುಕಿಟ್ಟ. ಬೆಳಗಾಗುವುದರೊಳಗೆ ಗೂಡು ಖಾಲಿ. ಮಧ್ಯಾಹ್ನಕ್ಕೆ ಸಿಪಾಯಿಯೊಬ್ಬ ಬಾಗಿಲಿಗೆ ಬಂದ. ಗೋಡೆಯ ಬುಡದಲ್ಲಿ ಹಂದಿ ಸಿಕ್ಕಿದೆ, ಕಿವಿಯಲ್ಲಿ ಗುರುತಿಗೆ ಹಾಕಿದ ಕಚ್ಚು ನೋಡಿದರೆ ನಿಮ್ಮದು, ಕೋಟೆಯ ಗುಮಾಸ್ತರು ಕರೆಯುತ್ತಾರೆ ಎಂದ.

ಮೂವರೂ ಹೊರಟರು. ಮನೆಯಲ್ಲೇ ಇರಿ ಎಂದರೆ ಮದಲೇನಾ ಕೇಳಲಿಲ್ಲ. ಗಾಡಿದಾರಿಯುದ್ದಕ್ಕೂ ಮಂಡಿ ಹಿಡಿದು, ಕೋಲೂರಿ, "ಉಂಗುರ ತೆಗೆದವಳು ನಾನು. ಗುಂಡು ಹೊಡೆದರೆ ನಂಗೇ ಹೊಡೀಲಿ. ಹೆಂಗೂ ಅರ್ಧ ಸತ್ತಿದೀನಿ," ಎನ್ನುತ್ತ ನಡೆದಳು.

"ಸುಮ್ನಿರವ್ವ," ಎಂದ ಗಾಸ್ಪರ್. "ಹೊಡೆದರೆ ಹಂದಿಗೇ ಹೊಡೆಯೋದು. ಹಂದಿ ಹೋದರೆ ಹಬ್ಬಕ್ಕೆ ಏನು ಕೊಡೋದು? ನಾಳೆಯಿಂದ ನಾನು ಮತ್ತೆ ಅವರ ಬ್ಯಾರಕ್ಕಿನಲ್ಲಿ, ನೀನು ಅವರ ಬಟ್ಟೆ ಒಗೆಯೋ ಕಲ್ಲಿನ ಮುಂದೆ."

ಮುದುಕಿಯ ಕೋಲು ಇನ್ನಷ್ಟು ಬೇಗ ಬೇಗ ನೆಲ ಕುಟ್ಟತೊಡಗಿತು.

ಗುಮಾಸ್ತ ಲೂಬರ್ಟ್ ಕೆಟ್ಟವನಲ್ಲ. ಕಂಪನಿಯ ಒಂದು ಮೊಳೆ ಕಳೆದರೂ ನಿದ್ದೆ ಬರದ ಜಾತಿಯವನು. ಕೋಟೆಯ ಅಂಗಳದಲ್ಲಿ ದೊರೆಯ ಹಿಂಗಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಪಕ್ಕದಲ್ಲಿ ಬಂದೂಕು ಹಿಡಿದ ಇಬ್ಬರು ಸಿಪಾಯಿಗಳು ಆಗಲೇ ತೊಡೆ ಯಾರಿಗೆ, ಪಕ್ಕೆ ಯಾರಿಗೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಲುಸಿಯಾ ಒದ್ದೆ ಕೈಯಲ್ಲಿ ನಿಂತಿದ್ದಳು.

"ಅಯ್ಯೋ ನನ್ನ ದೊರೇ!" ಎಂದು ಮದಲೇನಾ ಕೂಗಿದ್ದಕ್ಕೆ ಲೂಬರ್ಟ್ ಒಂದು ಕ್ಷಣ ತನ್ನನ್ನೇ ಕರೆದಳೆಂದು ಎದೆಯುಬ್ಬಿಸಿದ. ಮುದುಕಿ ಅವನನ್ನು ದಾಟಿ ಹೋಗಿ ಹಂದಿಯ ಕತ್ತು ತಬ್ಬಿದಳು. ಸಿಪಾಯಿಗಳು ನಕ್ಕರು. ಅವನ ಮುಖ ಬಿಗಿಯಿತು.

"ಗಾಸ್ಪರ್, ಕಟ್ಟಳೆ ನಿನಗೆ ಗೊತ್ತಿದೆ. ಮೂಗಿಗೆ ಉಂಗುರ ಇಲ್ಲದ ಹಂದಿ ಗೋಡೆ ಅಗೆದರೆ ಅದು ಸಿಪಾಯಿಗಳ ಪಾಲು. ಹಬ್ಬಕ್ಕೆ ನೀನು ಬೇರೆ ಹಂದಿ ಕೊಡಬೇಕು."

"ಬೇರೆ ಎಲ್ಲಿಂದ ತರಲಿ ಧಣಿ? ಇರೋದೇ ಇದೊಂದು."

"ಅದು ನಿನ್ನ ಪಾಡು."

"ಒಂದು ಮಾತು ಧಣಿ," ಎಂದಳು ಮದಲೇನಾ, ಹಂದಿಯ ಕತ್ತು ಬಿಡದೆ. "ಈ ಹಂದಿ ಯಾರದ್ದು?"

"ನಿಮ್ಮದು. ಇನ್ಯಾರದ್ದು?"

"ಅಲ್ಲಿ ಬಾಗಿಲಲ್ಲಿ ನಿಂತಿದಾಳಲ್ಲ ಹುಡುಗಿ, ಅವಳು ಯಾರವಳು?"

"ಕಂಪನಿಯವಳು."

"ಹೆತ್ತವಳು ಇಲ್ಲಿದಾಳೆ. ಎಣ್ಣೆ ನೀರು ಹಾಕಿದವಳು ನಾನು. ಉಣ್ಣಿಸಿ ಬೆಳೆಸಿದವನು ಇವನು. ಆದ್ರೂ ಹುಟ್ಟೋಕೆ ಮೊದಲೇ ಕಂಪನಿಯದ್ದು ಅಂದ್ರಿ. ಆಯ್ತು, ನಾವು ಹೂಂ ಅಂದ್ವಿ. ಈ ಹಂದೀನೂ ಹುಟ್ಟೋಕೆ ಮೊದಲೇ ಕಂಪನಿಗೆ ಅಂತ ಗೊತ್ತಾಗಿತ್ತಲ್ವಾ? ನಾವು ಸಾಕಿದವರು ಅಷ್ಟೆ. ನಿಮ್ಮ ಹಂದಿ ನಿಮ್ಮ ಗೋಡೆ ಅಗೆದಿದೆ. ನನ್ನ ಮಂಡಿ ಇಷ್ಟು ದೂರ ಯಾಕೆ ನಡೆಸಿದ್ರಿ?"

ಒಬ್ಬ ಸಿಪಾಯಿ ಹುಬ್ಬು ಕೆರೆದುಕೊಂಡ. ಗಾಸ್ಪರ್ ತಾಯಿಯ ಹೊದಿಕೆಯ ಅಂಚನ್ನು ಹಿಂದಿನಿಂದ ಎಳೆದ. ಆದರೆ ಲೂಬರ್ಟನ ತಲೆಯೊಳಗೆ ಮಾತು ಇಳಿದಾಗಿತ್ತು. ಕಂಪನಿಯ ಹಂದಿಯನ್ನು ಸಿಪಾಯಿಗಳು ಕೊಂದು ತಿಂದರೆ ನಷ್ಟ ಯಾರಿಗೆ? ಅವನು ಬಂದೂಕಿನವರನ್ನು ಮೊದಲ ಸಲ ಕಳ್ಳರನ್ನು ನೋಡುವ ಹಾಗೆ ನೋಡಿದ.

"ಹಾಗಾದರೆ ಈಗಲೇ ಒಪ್ಪಿಸಿಕೊಳ್ತೀವಿ," ಎಂದು ಬಾಗಿ ದೊರೆಯ ಬೆನ್ನು ಸವರಿದ. ಕೈಗೆ ಮೂಳೆ ಸಿಕ್ಕಿತು. ಮುಖ ಹುಳಿಯಾಯಿತು. "ಇದೇನಿದು? ಕೊಬ್ಬಿದ ಹಂದಿ ಅಂತ ಮಾತು. ಇದಕ್ಕಿಂತ ನನ್ನ ಬೆಂಚಿಗೆ ಮಾಂಸ ಜಾಸ್ತಿ ಇದೆ. ಹಬ್ಬಕ್ಕೆ ಹಿಂಗೇ ತಂದರೆ ಲೆಕ್ಕಕ್ಕಿಲ್ಲ, ತಿಳಿಯಿತಾ? ಮನೆಗೆ ಹೊಡೆದುಕೊಂಡು ಹೋಗಿ. ಕಟ್ಟಿಹಾಕಿ. ತಿನ್ನಿಸಿ."

ಗಾಸ್ಪರ್ ಹಗ್ಗ ಬಿಚ್ಚಲು ಓಡಿದ. ಫೆಲಿಪಾ ಆಗ ಮಾತಾಡಿದಳು. ಮಾತಾಡುವಾಗ ಗುಮಾಸ್ತನನ್ನು ನೋಡಲಿಲ್ಲ, ಅಡಿಗೆಮನೆಯ ಬಾಗಿಲನ್ನು ನೋಡಿದಳು.

"ಏನು ತಿನ್ನಿಸಲಿ ಧಣಿ? ಇರೋ ಜೋಳ ಕಂಪನಿಯದ್ದು. ಹಂದೀನೂ ಕಂಪನಿಯದ್ದು ಅಂದಮೇಲೆ ಅದರ ಊಟಾನೂ ಇಲ್ಲಿಂದಲೇ ಬರಬೇಕಲ್ವಾ? ಅಡಿಗೆಮನೆ ಕಲಗಚ್ಚು ಹೆಂಗೂ ಚೆಲ್ಲೋದೇ. ದಿನಾ ಸಂಜೆ ಆ ಹುಡುಗಿ ಒಂದು ಬಕೆಟ್ ತಂದು ಹಾಕಿ ಹೋಗಲಿ."

ಲೂಬರ್ಟ್ ಯೋಚಿಸಿದ. ಚೆಲ್ಲುವುದು ಮಾಂಸವಾಗಿ ಹಿಂದಿರುಗುವುದೆಂದರೆ ಅವನಿಗೆ ಸಂಗೀತ ಕೇಳಿದಷ್ಟು ಹಿತ. "ಬಕೆಟ್ ಹಿಂದೆ ಬರಬೇಕು," ಎಂದ.

"ಹುಡುಗೀನೂ ಬರ್ತಾಳೆ ಧಣಿ," ಎಂದಳು ಮದಲೇನಾ. "ನಾವೇನು ಇಟ್ಟುಕೊಳ್ಳಲ್ಲ."

ಅಂದಿನಿಂದ ದೊರೆಗೆ ದರ್ಬಾರಿನ ಊಟ ಶುರುವಾಯಿತು. ಬೆಣ್ಣೆ ಬಳಿದ ರೊಟ್ಟಿಯಂಚು, ಸಿಪ್ಪೆ, ಬಿಯರಿನ ಗಸಿ, ಯಾರೋ ಅರ್ಧ ಕಚ್ಚಿ ಬಿಟ್ಟ ಸೇಬಿನ ಕಡುಬು. ಲುಸಿಯಾ ಬಾಗಿಲಿಗೆ ಬರುವಾಗ ಮದಲೇನಾ ಬಕೆಟ್ಟಿನೊಳಗೆ ಇಣುಕಿ, "ಇದು ಹಂದಿ ತಿನ್ನೋದಲ್ಲ," ಎಂದು ಒಂದೊಂದು ತುಂಡನ್ನು ಎತ್ತಿ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಅವ್ವ, ಕಂಪನಿಯ ಹಂದಿಯ ಊಟ ಕದೀತಿದೀಯ," ಎಂದ ಗಾಸ್ಪರ್.

"ನನ್ನ ಇನ್ನರ್ಧ ಕಂಪನಿಯದ್ದೇ ಅಲ್ವೇನೋ? ಆ ಅರ್ಧ ತಿಂತಿದೆ. ನೀನು ಯಾಕೆ ನೋಡ್ತೀಯ?"

ಫೆಲಿಪಾ ಮಗಳ ತಲೆ ಬಾಚುತ್ತಿದ್ದಳು. ಮೊದಲ ವಾರ ಕೂದಲ ಸಿಕ್ಕು ಬಿಡಿಸುವುದೇ ಆಯಿತು. ಎರಡನೆಯ ವಾರ ಜಡೆ ಹೆಣೆದಳು. ಹುಡುಗಿಯ ಕೈ ಬೂದಿಯಲ್ಲಿ ತಿಕ್ಕಿ ತಿಕ್ಕಿ ಒಡೆದುಹೋಗಿದ್ದನ್ನು ಈಗಲೇ ಕಂಡದ್ದು. ಭಾನುವಾರದ ಅವಸರದಲ್ಲಿ ಕೈ ನೋಡಿಯೇ ಇರಲಿಲ್ಲ. ಹಂದಿಯ ಮೂಗಿಗೆ ಹಚ್ಚಿ ಉಳಿದಿದ್ದ ಎಣ್ಣೆಯನ್ನು ಅತ್ತೆಯೇ ತಂದುಕೊಟ್ಟಳು. ಮಗಳು ಅಡಿಗೆಯವಳು ಬಯ್ಯುವ ಹಾಗೆ ಬಯ್ದು ತೋರಿಸುತ್ತಿದ್ದಳು, ಗುಮಾಸ್ತ ಕೀಲಿಕೈ ಎಣಿಸುವ ಹಾಗೆ ಎಣಿಸುತ್ತಿದ್ದಳು. ಮನೆಯಲ್ಲಿ ನಗು ಮುಗಿಯುವುದರೊಳಗೆ ಹೊತ್ತು ಮುಳುಗುವ ಸೂಚನೆ ಕಾಣುತ್ತಿತ್ತು, ಬಕೆಟ್ ಹೊರಡುತ್ತಿತ್ತು.

ದೊರೆ ಊದತೊಡಗಿದ. ಮೊದಲು ಕತ್ತು ಮಾಯವಾಯಿತು, ಆಮೇಲೆ ಪಕ್ಕೆಲುಬು, ಆಮೇಲೆ ಕಣ್ಣು. ಗಾಸ್ಪರನ ಮುಖದಲ್ಲಿ ಕಳೆ ಬಂತು. ದಿನಾ ಬೆಳಿಗ್ಗೆ ಹಂದಿಯ ಬೆನ್ನು ತಟ್ಟಿ, ಅದರ ಸದ್ದು ಕೇಳಿ, ಗೋಡೆ ಕೆಲಸಕ್ಕೆ ಹೋಗುತ್ತಿದ್ದ.

ಹಬ್ಬಕ್ಕೆ ಕೆಲವೇ ದಿನ ಇದ್ದಾಗ, ಮಧ್ಯಾಹ್ನ ಕಣ್ಣು ಹತ್ತಿದ್ದ ಮದಲೇನಾ ಹಿತ್ತಿಲಲ್ಲಿ ಸದ್ದು ಕೇಳಿ ಎದ್ದಳು. ನೋಡಿದರೆ ಸೊಸೆ ಒಂದು ಬರಲು ಹಿಡಿದು ದೊರೆಯನ್ನು ಜೌಗಿನ ಸುತ್ತ ಓಡಿಸುತ್ತಿದ್ದಾಳೆ. ಹಂದಿ ಏದುಸಿರು ಬಿಡುತ್ತ ಮುಂದೆ, ಲಂಗ ಎತ್ತಿ ಕಟ್ಟಿದ ಫೆಲಿಪಾ ಏದುಸಿರು ಬಿಡುತ್ತ ಹಿಂದೆ.

"ಏನೇ ಮಾಡ್ತಿದೀಯ, ಹುಚ್ಚು ಹಿಡೀತೇನೇ? ಕೊಬ್ಬೆಲ್ಲ ಕರಗಿಹೋಗುತ್ತೆ!"

ಫೆಲಿಪಾ ನಿಂತಳು. ಬೆವರು ಒರೆಸಿಕೊಂಡಳು. "ಇವನು ಪೂರ್ತಿ ಕೊಬ್ಬಿದರೆ ಬಕೆಟ್ ಬರೋದೂ ನಿಲ್ಲುತ್ತೆ," ಎಂದಳು.

ಮುದುಕಿ ಕೋಲೂರಿ ಹತ್ತಿರ ಬಂದಳು. ಬರಲನ್ನು ಕೈಯಿಂದ ತೆಗೆದುಕೊಂಡಳು. "ಕೊಬ್ಬದೇ ಹೋದರೆ ದಿನಾ ನೋಡ್ತೀಯ ಮಗಳನ್ನ. ಅಡಿಗೆಮನೆಯಲ್ಲಿ, ಅವಳ ಪಕ್ಕದಲ್ಲೇ ಕೂತು ಪಾತ್ರೆ ತಿಕ್ಕುತ್ತಾ. ನಾನೂ ಇರ್ತೀನಿ, ಗಾಸ್ಪರನೂ ಇರ್ತಾನೆ. ಬೇಕಾ?"

ಫೆಲಿಪಾ ಒಳಗೆ ಹೋಗಿ ಮಂಚದ ಕೆಳಗಿದ್ದ ಕುಂಬಳವನ್ನು ತಂದು, ಎರಡು ಹೋಳು ಮಾಡಿ ದೊರೆಯ ಮುಂದಿಟ್ಟಳು. "ತಿನ್ನು," ಎಂದಳು. "ತಿಂದು ಹಾಳಾಗಿ ಹೋಗು."

ಸಂತ ಮಾರ್ಟಿನನ ಹಬ್ಬದ ಬೆಳಿಗ್ಗೆ ದೊರೆ ಗಾಡಿಯಲ್ಲಿ ಜೋಳದ ಚೀಲಗಳ ಜೊತೆ ಕೂತು ಕೋಟೆಗೆ ಹೋದ. ಅವನಿಗೆ ನಡೆಯಲು ಆಗುತ್ತಿರಲಿಲ್ಲ. ಲೂಬರ್ಟ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲಿ ಒತ್ತಿದರೂ ಬೆರಳು ಹೂತು ಹೋಗುವುದನ್ನು ಕಂಡು, ಜೀವಮಾನದಲ್ಲೇ ಮೊದಲ ಸಲ ಅವರೆದುರು ನಕ್ಕ.

"ಹಂದಿ ಅಂದರೆ ಇದು! ಮುಂದಿನ ವರ್ಷ ಮಾತ್ರ ಮೂಗಿಗೆ ಸರಿಯಾಗಿ ಉಂಗುರ ಹಾಕು ಗಾಸ್ಪರ್. ಇನ್ನು ಆ ಹುಡುಗಿ ಬಕೆಟ್ ಹೊರಬೇಕಾಗಿಲ್ಲ."

ಗಾಸ್ಪರ್ ಟೊಪ್ಪಿ ತೆಗೆದು ತಲೆ ಬಾಗಿಸಿದ. ಇನ್ನೊಂದು ವರ್ಷದ ಅರ್ಧ ಬಿಡುಗಡೆ ಸಿಕ್ಕಿತ್ತು. ಮೂವರೂ ಖಾಲಿ ಗಾಡಿಯಲ್ಲಿ ಮನೆಗೆ ಬಂದರು. ಸಂಜೆ ಫೆಲಿಪಾ ಬಾಚಣಿಗೆ ಹಿಡಿದು ಬಾಗಿಲಲ್ಲಿ ಕೂತಳು, ನೆನಪಾಗಿ ಎದ್ದು ಒಳಗೆ ಹೋದಳು. ಮಡಕೆ ಇಳಿಸಿ ಮೊದಲ ಸೌಟು ಹಿಡಿದು ಹಿತ್ತಿಲವರೆಗೂ ಹೋದವಳು ಖಾಲಿ ಗೂಡು ನೋಡಿ ಹಿಂದಿರುಗಿದಳು. "ನಂಗೆ ಹಾಕು," ಎಂದಳು ಮದಲೇನಾ ಬಟ್ಟಲು ಚಾಚಿ. ಆದರೆ ಅವಳೂ ಪೂರ್ತಿ ಉಣ್ಣಲಿಲ್ಲ.

ಹಿಮ ಬಿತ್ತು, ಕರಗಿತು. ನಾಲ್ಕು ಭಾನುವಾರ ಲುಸಿಯಾ ಬಂದಳು. ಅಷ್ಟೆ.

ಜೌಗಿನಲ್ಲಿ ಕಪ್ಪೆ ಕೂಗುವ ಕಾಲಕ್ಕೆ ಗಾಸ್ಪರ್ ಹೊಸ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಬಿಳಿ ಮೈ, ಒಂದು ಕಿವಿ ಕಪ್ಪು. ಕಿವಿಗೆ ಕಚ್ಚು ಹಾಕಿದ್ದಾಯಿತು. ಒಲೆಯಲ್ಲಿ ಸೂಜಿ ಕಾಯಿಸಿ, ಬಳೆಯ ಹಾಗೆ ಬಾಗಿಸಿದ ಕಬ್ಬಿಣದ ತಂತಿಯನ್ನು ಕೈಗೆತ್ತಿಕೊಂಡ.

"ಹಿಡ್ಕೋ ಬಾರೇ ಫೆಲಿಪಾ. ಈ ಸಲ ನಾನೇ ಬಿಗೀತೀನಿ. ಯಾವ ಎಣ್ಣೆಗೂ ಬಿಚ್ಚಬಾರದು," ಎಂದು ತಾಯಿಯ ಕಡೆ ಕೆಕ್ಕರಿಸಿದ.

ಮದಲೇನಾ ಸೊಸೆಯ ಮುಖ ನೋಡಿದಳು. ಅಂದು ಅತ್ತೆ ನೋಡಿದ ಹಾಗೆ ಸೊಸೆ ಒಲೆ ನೋಡಲಿಲ್ಲ. ನೇರವಾಗಿ ಬಂದು ಗಂಡನ ಕೈಯಿಂದ ಉಂಗುರ ತೆಗೆದುಕೊಂಡು, ಗೋಡೆಯ ಮೇಲೆ ಬಾಚಣಿಗೆ ತೂಗುಹಾಕಿದ್ದ ಮೊಳೆಗೆ ಅದನ್ನೂ ಸಿಕ್ಕಿಸಿದಳು.

"ಏನೇ ಇದು? ಸಿಪಾಯಿ ಗುಂಡು ಹಾರಿಸಿದರೆ?"

"ಕಂಪನಿಯ ಹಂದಿಗಾ? ಲೂಬರ್ಟ್ ಅವನ ಚರ್ಮ ಸುಲೀತಾನೆ."

"ಮತ್ತೆ ಗೋಡೆ ಅಗೆದರೆ ಮುಚ್ಚೋನು ನಾನು ಕಣೇ!"

"ಮುಚ್ಚು. ಬಕೆಟ್ ಮತ್ತೆ ಬರಬೇಕಲ್ಲ." ಫೆಲಿಪಾ ಮರಿಯನ್ನೆತ್ತಿ ಅವನ ಕಂಕುಳಿಗೆ ಮತ್ತೆ ಸಿಕ್ಕಿಸಿದಳು. "ಇದಿನ್ನೂ ಚಿಕ್ಕದು, ದಾರಿ ಗೊತ್ತಿಲ್ಲ. ನಾಳೆ ಕೆಲಸಕ್ಕೆ ಹೋಗುವಾಗ ಜೊತೆಗೇ ಕರ್ಕೊಂಡು ಹೋಗಿ, ಅಡಿಗೆಮನೆ ಹಿಂದಿನ ಗೋಡೆ ತೋರಿಸಿ ಬಾ."